ಪೈಲಟ್-ಇನ್-ಕಮಾಂಡ್ ಅವಧಿ: ಯಾವ ಗಂಟೆ ಯಾರ ಖಾತೆಗೆ?

ಪೈಲಟ್-ಇನ್-ಕಮಾಂಡ್, ಚಿಕ್ಕದಾಗಿ ಪಿಐಸಿ, ಎಂದರೆ ಆ ಹಾರಾಟದ ಮತ್ತು ಅದರ ಸುರಕ್ಷತೆಯ ಪೂರ್ತಿ ಹೊಣೆ ಹೊತ್ತ ಪೈಲಟ್. ವಿಮಾನ ಯಾರ ಕೈಯಲ್ಲಿತ್ತೋ ಅವರೇ ಪಿಐಸಿ ಎಂದುಕೊಂಡಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ವಿದ್ಯಾರ್ಥಿಯೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಹಾರಿಸುತ್ತಾನೆ ಎನ್ನಿ. ಟೇಕಾಫಿನಿಂದ ಲ್ಯಾಂಡಿಂಗ್‌ವರೆಗೆ ಇನ್‌ಸ್ಟ್ರಕ್ಟರ್ ಕಂಟ್ರೋಲ್ ಮುಟ್ಟಲೇ ಇಲ್ಲ. ಆದರೂ ಆ ಹಾರಾಟ ವಿದ್ಯಾರ್ಥಿಯ ಲಾಗ್‌ಬುಕ್ಕಿನಲ್ಲಿ ‘ಡ್ಯುಯಲ್’ (ಇನ್‌ಸ್ಟ್ರಕ್ಟರ್ ಜೊತೆಗಿನ ತರಬೇತಿ ಹಾರಾಟ), ಪಿಐಸಿ ಇನ್‌ಸ್ಟ್ರಕ್ಟರದು. ಮರುದಿನ ಅದೇ ಹುಡುಗ ಸೋಲೋ, ಅಂದರೆ ಒಬ್ಬನೇ, ಹೋದರೆ, ಲೈಸೆನ್ಸ್ ಇನ್ನೂ ಕೈಗೆ ಬಾರದಿದ್ದರೂ, ಅಷ್ಟೂ ಹೊತ್ತು ಅವನ ಪಿಐಸಿ.

ನಮ್ಮಲ್ಲಿ ಇದಕ್ಕೆ ಆಧಾರ 1937ರ ವಿಮಾನ ನಿಯಮಗಳ 67ಎ. ಕೋ-ಪೈಲಟ್ ಆಗಿ ಕೂತ ಸಮಯ ಬೇರೆ ಕಾಲಮ್ಮಿಗೆ. ಕ್ಯಾಪ್ಟನ್ ಮೇಲ್ವಿಚಾರಣೆಯಲ್ಲಿ ಕೋ-ಪೈಲಟ್ ಪಿಐಸಿಯ ಕೆಲಸವನ್ನೇ ಮಾಡಿದ್ದರೆ ಅದನ್ನು ‘ಪಿ1 ಅಂಡರ್ ಸೂಪರ್‌ವಿಷನ್’ ಎಂದು ಬರೆಯುತ್ತಾರೆ. ಪಿ1 ಎಂದರೆ ಪಿಐಸಿಯೇ. ಇದಕ್ಕೆ ಕ್ಯಾಪ್ಟನ್ನರ ಸಹಿ ಬೇಕು. ಸಿಮ್ಯುಲೇಟರ್ ಸಮಯ ಹಾರಾಟವೇ ಅಲ್ಲ.

ಅಮೆರಿಕದಲ್ಲಿ ತರಬೇತಿ ಪಡೆದು ಬೆಂಗಳೂರಿಗೆ ಮರಳುವವರು ಎಡವುವುದು ಇಲ್ಲೇ. ಅಲ್ಲಿನ ಫೆಡರಲ್ ನಿಯಮ 61.51ರಲ್ಲಿ ಹೊಣೆ ಹೊರುವುದು ಬೇರೆ, ಲಾಗ್ ಮಾಡುವುದು ಬೇರೆ. ಆ ಬಗೆಯ ವಿಮಾನದ ರೇಟಿಂಗ್ (ಹಾರಿಸುವ ಅರ್ಹತೆ) ಇರುವ ಪೈಲಟ್ ತಾನೊಬ್ಬನೇ ಕಂಟ್ರೋಲ್ ಹಿಡಿದಿದ್ದ ಹೊತ್ತನ್ನು ಪಿಐಸಿ ಎಂದು ಬರೆಯಬಹುದು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರೂ. ಆಗ ಒಂದೇ ಗಂಟೆ ಇಬ್ಬರ ಪಿಐಸಿ ಕಾಲಮ್ಮಿನಲ್ಲೂ ಕೂರುತ್ತದೆ. ಇನ್ನೊಬ್ಬ ಪೈಲಟ್ ಹೊರಗೆ ಕಾಣದಂತೆ ಹುಡ್ ಹಾಕಿಕೊಂಡು ಇನ್‌ಸ್ಟ್ರುಮೆಂಟ್ ಅಭ್ಯಾಸ ಮಾಡುವಾಗ ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಕೂಡ, ಹೊಣೆ ತನ್ನದೆಂದು ಮೊದಲೇ ಒಪ್ಪಿಕೊಂಡಿದ್ದರೆ, ಹುಡ್ ಇದ್ದಷ್ಟು ಹೊತ್ತನ್ನು ಪಿಐಸಿ ಎಂದು ಬರೆಯುತ್ತಾನೆ. ನೆಲದ ಮೇಲೆ ಸಾಗುವ ಟ್ಯಾಕ್ಸಿ, ಟೇಕಾಫ್ ಅದರಲ್ಲಿ ಸೇರವು.

ಭಾರತದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಪಿಐಸಿ. ಅದರೊಳಗೆ 20 ಗಂಟೆ ಕ್ರಾಸ್-ಕಂಟ್ರಿ (ದೂರದ ಬೇರೆ ಊರಿಗೆ ಹೋಗುವ ಹಾರಾಟ), ಅದರಲ್ಲೊಂದು ಕನಿಷ್ಠ 300 ನಾಟಿಕಲ್ ಮೈಲಿಯದು. ಪುಸ್ತಕದಲ್ಲಿ ಪಿಐಸಿ 110 ಇದೆಯೆಂದು ಖುಷಿಯಾಗಿ ಬಂದವರ ಲೆಕ್ಕದಲ್ಲಿ 18 ಗಂಟೆ ಇನ್‌ಸ್ಟ್ರಕ್ಟರ್ ಜೊತೆಗಿನದಾದರೆ ಅದು ಇಲ್ಲಿ ಡ್ಯುಯಲ್, ಪಿಐಸಿಯಾಗಿ ಉಳಿದದ್ದು 92. ಎಂಟು ಗಂಟೆ ಕಡಿಮೆ! ಅಲ್ಲಿರುವಾಗಲೇ ಇಂಥ ಗಂಟೆಗಳಿಗೆ ಷರಾ ಬರೆದಿಟ್ಟುಕೊಳ್ಳಿ. ಇಲ್ಲಿಗೆ ಬಂದ ಮೇಲೆ ಎಂಟು ಗಂಟೆ ಹಾರಲು ಹಣವೂ ಬೇಕು, ಸ್ಲಾಟೂ ಸಿಗಬೇಕು.

ಇನ್ನು ಸಮಯ ಎಣಿಸುವುದು. ಟೇಕಾಫಿಗೆಂದು ವಿಮಾನ ಸ್ವಂತ ಶಕ್ತಿಯಿಂದ ಕದಲಿದ ಕ್ಷಣದಿಂದ, ಹಾರಾಟ ಮುಗಿಸಿ ನಿಂತ ಕ್ಷಣದವರೆಗೆ. 7.10ಕ್ಕೆ ಕದಲಿ, 7.18ಕ್ಕೆ ಮೇಲೆದ್ದು, 8.02ಕ್ಕೆ ಇಳಿದು, 8.06ಕ್ಕೆ ನಿಂತರೆ ಲಾಗ್ ಆಗುವುದು 56 ನಿಮಿಷ, ಗಾಳಿಯಲ್ಲಿದ್ದ 44 ಅಲ್ಲ. ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಬರೆಯುವುದಾದರೆ ಐದೂವರೆ ಗಂಟೆ ಕಳೆಯಿರಿ: 01.40ರಿಂದ 02.36. ವಿಮಾನದ ಗಂಟೆ ಎಣಿಸುವ ಹಾಬ್ಸ್ ಮೀಟರ್ ದಶಮಾಂಶದಲ್ಲಿ ತೋರಿಸುತ್ತದೆ. 1.3 ಎಂದರೆ ಒಂದು ಗಂಟೆ 18 ನಿಮಿಷ. ಅದನ್ನು ಒಂದೂವರೆ ಗಂಟೆ ಎಂದು ಬರೆದರೆ ಒಂದೇ ಸಾಲಿನಲ್ಲಿ 12 ನಿಮಿಷ ಸುಳ್ಳು.

ಬರೆಯುವುದು ಶಾಯಿಯಲ್ಲಿ. ತಪ್ಪಾದರೆ ವೈಟ್ನರ್ ಬೇಡ. ಹಳೆಯ ಅಂಕಿ ಓದಲು ಸಿಗುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಿ. ರಾತ್ರಿ ಹಾರಾಟ, ಕ್ರಾಸ್-ಕಂಟ್ರಿ ಎಲ್ಲ ಒಟ್ಟು ಗಂಟೆಯೊಳಗೇ ಇರುವಂಥವು, ಮತ್ತೆ ಕೂಡಬೇಡಿ. ಪುಟ ತಿರುಗಿಸುವ ಮುನ್ನ ನಿಮ್ಮ ಅಂಕಿಯನ್ನು ವಿಮಾನದ ಲಾಗ್‌ಬುಕ್ಕಿನೊಂದಿಗೆ ತಾಳೆ ನೋಡಿ. ತಪ್ಪು ಮೊತ್ತ ಮುಂದಿನ ಪುಟಕ್ಕೆ ದಾಟಿತೋ, ಅಲ್ಲಿಂದಾಚೆಯ ಪ್ರತಿ ಪುಟದ ಮೊತ್ತವನ್ನೂ ತಿದ್ದಬೇಕು.