ಬೆಳವಣಿಗೆ ಹಾರ್ಮೋನಿಗೂ ಆಯಸ್ಸಿಗೂ ಎಣ್ಣೆ ಸೀಗೆಕಾಯಿ

ಅರವತ್ತು ದಾಟಿದವರಿಗೆ ಮೂವತ್ತರ ಮೈಕಟ್ಟು ಕೊಡಿಸುತ್ತೇವೆ ಎನ್ನುವ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಗ್ರೋತ್ ಹಾರ್ಮೋನ್. ಅವರ ವಾದ ಕೇಳೋಕೆ ಚೆನ್ನಾಗಿದೆ. ಹದಿಹರೆಯದಲ್ಲಿ ಈ ಹಾರ್ಮೋನ್ ಜಾಸ್ತಿ, ವಯಸ್ಸಾದಂತೆ ಕಮ್ಮಿ. ಕಮ್ಮಿಯಾದದ್ದನ್ನು ಇಂಜೆಕ್ಷನ್ನಿನಲ್ಲಿ ತುಂಬಿಸಿದರೆ ಮುಪ್ಪು ಹಿಂದೆ ಸರಿಯಬೇಕು, ಅಲ್ವಾ?

ಈ ಆಸೆ ಹಬ್ಬಿದ್ದು ಒಂದು ಪುಟ್ಟ ಪ್ರಯೋಗದಿಂದ. 1990ರ ಜುಲೈನಲ್ಲಿ ಅಮೆರಿಕದ ಡೇನಿಯಲ್ ರಡ್‌ಮನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. 61ರಿಂದ 81 ವರ್ಷದ 21 ಗಂಡಸರು. ಅವರಲ್ಲಿ 12 ಜನರಿಗೆ ವಾರಕ್ಕೆ ಮೂರು ಸಲ, ಆರು ತಿಂಗಳು ಇಂಜೆಕ್ಷನ್. ಕೊಬ್ಬು ಶೇ 14.4ರಷ್ಟು ಇಳಿಯಿತು. ಕೊಬ್ಬು ಬಿಟ್ಟು ಉಳಿದ ಮೈತೂಕ ಶೇ 8.8ರಷ್ಟು ಏರಿತು. ಹತ್ತಿಪ್ಪತ್ತು ವರ್ಷಗಳ ಮುಪ್ಪು ಮೈಯಲ್ಲಿ ತರುವಷ್ಟೇ ದೊಡ್ಡ ಬದಲಾವಣೆ ಇದು ಎಂದು ಅವರು ಬರೆದರು. ಮಾರುವವರಿಗೆ ಆ ಒಂದು ಮಾತು ಸಾಕಾಯಿತು.

ಆದರೆ ಆ ಹಿರಿಯರ ತೋಳಿಗೆ ಬಲ ಬಂತೇ? ರಡ್‌ಮನ್ ಅದನ್ನು ಅಳೆದೇ ಇರಲಿಲ್ಲ. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೆ ಸಂಶೋಧಕರು 52 ಜನ ಹಿರಿಯರ ಮೇಲೆ ಅಳೆದು ನೋಡಿದರು. ಕೊಬ್ಬು ಕರಗಿತ್ತು, ಶಕ್ತಿ ಮಾತ್ರ ಇದ್ದಷ್ಟೇ ಇತ್ತು. ಜೊತೆಗೆ ಕಾಲು ಬಾವು, ಕೀಲುನೋವು. ಈ ಹಾರ್ಮೋನ್ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಹಾಗಾಗಿ ಏರಿದ ತೂಕವೆಲ್ಲ ಸ್ನಾಯು ಎಂದು ಹಿಗ್ಗುವ ಹಾಗಿಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಕಥೆ ಒಂದು ಇಲಿಯದು. ಅದಕ್ಕೆ ಹೆಸರೂ ನೆಟ್ಟಗಿಲ್ಲ, ಜಿಎಚ್‌ಆರ್-ಕೆಒ 11ಸಿ. ಜಾನ್ ಕಾಪ್‌ಚಿಕ್ ಎಂಬ ವಿಜ್ಞಾನಿ ಸೃಷ್ಟಿಸಿದ ತಳಿಯದು. ಈ ತಳಿಯ ಇಲಿಗಳ ರಕ್ತದಲ್ಲಿ ಗ್ರೋತ್ ಹಾರ್ಮೋನ್ ಬೇಕಾದಷ್ಟಿದೆ, ಅದನ್ನು ಬರಮಾಡಿಕೊಳ್ಳುವ ಗ್ರಾಹಕವೇ ಜೀವಕೋಶಗಳಲ್ಲಿಲ್ಲ. ಹಾಗಾಗಿ ಗಿಡ್ಡ, ಮಾಮೂಲಿ ಇಲಿಯ ಅರ್ಧದಷ್ಟು. ಲ್ಯಾಬಿನ ಇಲಿ ಎರಡು, ಎರಡೂವರೆ ವರ್ಷ ಬದುಕಿದರೆ ಹೆಚ್ಚು. ಇದು 2003ರ ಜನವರಿಯಲ್ಲಿ ಸತ್ತಾಗ ಐದು ತುಂಬೋಕೆ ಒಂದೇ ವಾರ ಬಾಕಿ ಇತ್ತು! ಇನ್ನೊಂದು ಕಡೆ, ಹಾರ್ಮೋನ್ ಜಾಸ್ತಿ ಆಗುವಂತೆ ಮಾಡಿದ ದೈತ್ಯ ಇಲಿಗಳು ಬೇಗ ಮುದಿಯಾಗಿ, ಬೇಗ ಸಾಯುತ್ತವೆ.

ಹೀಗ್ಯಾಕೆ? ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ಹಾರ್ಮೋನನ್ನು ಸದಾ ಒಂದೇ ಸಮ ಸುರಿಸದೆ ಆಗಾಗ ಚಿಮ್ಮಿಸುತ್ತದೆ, ಗಾಢ ನಿದ್ದೆಯಲ್ಲಿ ಜಾಸ್ತಿ. ಅದು ತಲುಪಿದಾಗ ಪಿತ್ತಜನಕಾಂಗ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ಹೊರಡಿಸುತ್ತದೆ. ಐಜಿಎಫ್-1 ಜೀವಕೋಶಗಳಿಗೆ ಹೇಳುವುದು ಒಂದೇ ಮಾತು: ಬೆಳೆಯಿರಿ, ಇಬ್ಭಾಗವಾಗಿ. ಬೆಳೆಯುವ ಗಡಿಬಿಡಿಯಲ್ಲಿ ಕೋಶದ ರಿಪೇರಿ, ಹಳೆ ಕಸ ತೆಗೆಯುವ ಕೆಲಸ ಹಿಂದೆ ಬೀಳುತ್ತದೆ. ಯೂರಿಯಾ ಜಾಸ್ತಿ ಸುರಿದ ಭತ್ತದ ಗದ್ದೆ ನೋಡಿದ್ದೀರಲ್ಲ? ಕಪ್ಪು ಹಸಿರಾಗಿ ಸೊಂಪಾಗಿ ಏಳುತ್ತದೆ, ಒಂದು ಗಾಳಿ ಮಳೆಗೆ ಮಲಗಿಬಿಡುತ್ತದೆ. ನೋಡೋಕೆ ಚೆಂದ, ತಾಳಿಕೆ ಇಲ್ಲ.

ಮನುಷ್ಯರಲ್ಲಿ ಇಂಥ ಗ್ರಾಹಕ ಕೆಟ್ಟವರು ಈಕ್ವೆಡಾರಿನ ಲೋಹಾ ಪ್ರಾಂತ್ಯದ ಹಳ್ಳಿಗಳಲ್ಲಿದ್ದಾರೆ. ಕಾಯಿಲೆಯ ಹೆಸರು ಲ್ಯಾರನ್ ಸಿಂಡ್ರೋಮ್. ಎತ್ತರ ನಾಲ್ಕಡಿ ಆಸುಪಾಸು. ವೈದ್ಯ ಹೈಮೆ ಗೆವಾರಾ-ಅಗಿರೆ ದಶಕಗಳ ಕಾಲ ಅವರ ಜೊತೆ ಓಡಾಡಿದರು. 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರಲ್ಲಿ ಸಕ್ಕರೆ ಕಾಯಿಲೆ ಒಬ್ಬರಿಗೂ ಇರಲಿಲ್ಲ, ಕ್ಯಾನ್ಸರ್ ಕಾಣಿಸಿದ್ದು ಒಬ್ಬರಿಗೆ ಮಾತ್ರ. ಹಾಗಂತ ಅವರೇನೂ ನೂರು ದಾಟುತ್ತಿಲ್ಲ. ಅಪಘಾತ, ಕುಡಿತ ಅವರನ್ನೂ ಬಿಟ್ಟಿಲ್ಲ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ಸುಮ್ನೆ ಅಂಟಿಸೋಕಾಗಲ್ಲ.

ಹಾರ್ಮೋನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಕೊರತೆಯಿಂದ ಬೆಳೆಯದ ಮಕ್ಕಳಿಗೆ ಇದು ವರ. ಹಿಂದೆ ಅದನ್ನು ಹೆಣಗಳ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಹಾಗೆ ಪಡೆದ ಕೆಲವರಿಗೆ ಮೆದುಳನ್ನೇ ತಿನ್ನುವ ಸಿಜೆಡಿ ಕಾಯಿಲೆ ಅಂಟಿದ್ದು ಗೊತ್ತಾಗಿ, 1985ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನಿಗೆ ಅದೇ ವರ್ಷ ಒಪ್ಪಿಗೆ ಸಿಕ್ಕಿತು. ಇಂದಿಗೂ ಅದನ್ನು ಚುಚ್ಚಿಯೇ ಕೊಡಬೇಕು. 191 ಅಮೈನೊ ಆಮ್ಲಗಳ ಪ್ರೋಟೀನ್ ಅದು, ನುಂಗಿದರೆ ಹೊಟ್ಟೆ ಅದನ್ನು ಅರಗಿಸಿಬಿಡುತ್ತದೆ. ‘ಗ್ರೋತ್ ಹಾರ್ಮೋನ್ ಮಾತ್ರೆ’ ಎಂದು ಡಬ್ಬಿ ತೋರಿಸಿದರೆ ಅಷ್ಟನ್ನೇ ಕೇಳಿ: ಇದು ಹೊಟ್ಟೆಯಲ್ಲಿ ಉಳಿಯೋದು ಹೇಗೆ ಸ್ವಾಮಿ?