ಮಾಜಿ ಗ್ಯಾಂಗ್ ಸದಸ್ಯರಿಗೆ ನಗರದ ಹಣ ಏಕೆ?

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿ ಗ್ಯಾಂಗ್ ಹಿಂಸೆ ತಡೆಯಲು, ಹಿಂದೆ ಗ್ಯಾಂಗಿನಲ್ಲಿದ್ದವರಿಗೇ ನಗರಾಡಳಿತ ಸಂಬಳ ಕೊಡುತ್ತದಂತೆ. ನಿಜವೇ?

ಉತ್ತರ: ನಿಜ, ಆದರೆ ಹಣ ನೇರವಾಗಿ ಅವರ ಕೈ ಸೇರುವುದಿಲ್ಲ. 2007ರಲ್ಲಿ ಮೇಯರ್ ಕಚೇರಿಯಲ್ಲಿ ಆರಂಭವಾದ ‘ಗ್ರಿಡ್’ (GRYD, ಗ್ಯಾಂಗ್ ಹಾವಳಿ ತಗ್ಗಿಸುವ ಮತ್ತು ಯುವಜನರ ಏಳಿಗೆಯ) ವಿಭಾಗವು ಹಿಂಸೆ ಹೆಚ್ಚಿರುವ ವಲಯಗಳನ್ನು ಗುರುತಿಸಿ, ಸ್ಥಳೀಯ ಸಂಸ್ಥೆಗಳಿಂದ ಅರ್ಜಿ ಕರೆದು ಗುತ್ತಿಗೆ ಕೊಡುತ್ತದೆ. ಹಿಂದೆ ಗ್ಯಾಂಗಿನಲ್ಲಿದ್ದ ಆ ಕಾರ್ಯಕರ್ತರು ಸಂಸ್ಥೆಯ ನೌಕರರು. ಆರಂಭದ ದಿನಗಳಲ್ಲಿ ಇಂಥ ಹಣ ಹಲವು ಇಲಾಖೆಗಳಲ್ಲಿ ಚದುರಿಹೋಗಿತ್ತು. ಅದನ್ನು ಒಂದೇ ಕಡೆ ತನ್ನಿ ಎಂದು ನಗರದ ಲೆಕ್ಕಪತ್ರ ಪರಿಶೀಲಿಸುವ ಕಂಟ್ರೋಲರ್ ಲಾರಾ ಚಿಕ್ 2008ರಲ್ಲಿ ಶಿಫಾರಸು ಮಾಡಿದ್ದರು.

ಗ್ಯಾಂಗ್ ಸೇರದಂತೆ ತಡೆಯುವ ಗ್ರಿಡ್‌ನ ಮಕ್ಕಳ ವಿಭಾಗ 10ರಿಂದ 15 ವರ್ಷದವರಿಗೆ. ಅತಿ ಕೆಟ್ಟ ಹೆಸರಿನ ಬಡಾವಣೆಯಲ್ಲೂ ಹೆಚ್ಚಿನ ಮಕ್ಕಳು ಗ್ಯಾಂಗ್ ಸೇರುವುದಿಲ್ಲ. ಬಂದವರನ್ನೆಲ್ಲ ಸೇರಿಸಿಕೊಂಡರೆ ಹಣವೆಲ್ಲ ಅಪಾಯವೇ ಇಲ್ಲದವರಿಗೆ ಖರ್ಚಾಗುತ್ತದೆ. ಹಾಗಾಗಿ ಸಂಶೋಧಕರು ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮನೆಯವರ ನಿಗಾ, ಗೆಳೆಯರ ಪ್ರಭಾವ, ದುಡುಕುತನ ಮುಂತಾದ 9 ಅಂಶಗಳಲ್ಲಿ ಕನಿಷ್ಠ 4ರಲ್ಲಿ ಅಪಾಯ ಕಂಡರೆ ಮಾತ್ರ ಪ್ರವೇಶ ಎಂಬ ನಿಯಮ ಬಂತು.

ಹಿಂಸೆಯ ನಡುವೆ ಇಳಿಯುವ ಕೆಲಸ ಇನ್ನೂ ಸೂಕ್ಷ್ಮ. ಗುಂಡು ಹಾರಿದ ಕೂಡಲೇ ಪೊಲೀಸರು, ಗ್ರಿಡ್ ಸಿಬ್ಬಂದಿ, ಕಾರ್ಯಕರ್ತರು ಮೂವರಿಗೂ ಸುದ್ದಿ ಮುಟ್ಟುತ್ತದೆ. ಕಾರ್ಯಕರ್ತರು ಆಸ್ಪತ್ರೆಗೆ, ಮನೆಗೆ, ಬೀದಿಗೆ ಹೋಗುತ್ತಾರೆ. ‘ಇಂಥವನೇ ಹೊಡೆದದ್ದು’ ಎಂಬ ಗಾಳಿಸುದ್ದಿ ಸೇಡಾಗಿ ತಿರುಗುವ ಮುಂಚೆ ತಡೆಯುವುದು ಅವರ ಗುರಿ. ಪೊಲೀಸರು ಅವರಿಗೆ ಮಾಹಿತಿ ಕೊಡಬಹುದು, ಅವರು ಯಾರ ಹೆಸರನ್ನೂ ಪೊಲೀಸರಿಗೆ ಹೇಳುವುದಿಲ್ಲ. ತೆರಿಗೆ ಕಟ್ಟುವವರಿಗೆ ಇದು ಅನ್ಯಾಯವೆನಿಸಬಹುದು. ಆದರೆ ಮಾಹಿತಿದಾರ ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಆತನ ಜೀವಕ್ಕೇ ಅಪಾಯ, ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ. ಬೀದಿಯ ಪರಿಚಯವೊಂದೇ ಸಾಲದು. ಗುಂಪುಗಳ ನಡುವೆ ಮಾತುಕತೆ ನಡೆಸುವುದು, ಪೊಲೀಸರಿಂದ ಎಷ್ಟು ದೂರ ಇರಬೇಕೆಂಬುದು ತರಬೇತಿಯಿಂದಲೇ ಬರಬೇಕು.

ಇಂಥ ಯೋಜನೆಗಳು ಎಡವುವುದು ಹೆಚ್ಚಾಗಿ ಲೆಕ್ಕಪತ್ರದಲ್ಲಿ. ಸರಕಾರಿ ಗುತ್ತಿಗೆಯಲ್ಲಿ ಸಾಮಾನ್ಯವಾಗಿ ಸಂಸ್ಥೆ ಮೊದಲು ಸಂಬಳ ಕೊಟ್ಟು, ಆಮೇಲೆ ಬಿಲ್ ಹಾಕಿ ಹಣ ಪಡೆಯಬೇಕು. ಕೈಯಲ್ಲಿ ಎರಡು ಮೂರು ತಿಂಗಳ ಸಂಬಳದಷ್ಟು ಹಣವಿಲ್ಲದ ಪುಟ್ಟ ಸಂಸ್ಥೆ ಅಲ್ಲೇ ಕುಸಿಯುತ್ತದೆ, ಬೀದಿಯನ್ನು ಬಲ್ಲದ್ದು ಅದೇ ಆಗಿದ್ದರೂ. ಮೊದಲ ಕಂತನ್ನು ಮುಂಗಡವಾಗಿ ಕೊಡುವುದು ಮತ್ತು ಒಂದು ವರ್ಷದ ಬದಲು ಮೂರು ವರ್ಷದ ಗುತ್ತಿಗೆ ಮಾಡುವುದು ನಮ್ಮ ದೃಷ್ಟಿಯಲ್ಲಿ ತೀರಾ ಅಗತ್ಯ. ನವೀಕರಣ ತಡವಾಗಿ ಕಾರ್ಯಕರ್ತ ಬೇರೆ ಕೆಲಸ ಹಿಡಿದರೆ, ರಾತ್ರಿ ಎರಡು ಗಂಟೆಗೆ ಅವನಿಗೆ ಫೋನ್ ಮಾಡುತ್ತಿದ್ದ ಹುಡುಗ ಹೊಸಬನಿಗೆ ಮಾಡುವುದಿಲ್ಲ.