ಹಲಸಿನ ಮೇಣ, ಕಲ್ಲಚ್ಚು ಮತ್ತು 72 ಲಕ್ಷ ಡಾಲರಿನ ರಟ್ಟು

ಹಳೆಯದಾದರೆ ಸಾಕು, ಕೋಟಿ ಬೆಲೆ ಬರುತ್ತದೆಂದು ಅಟ್ಟ ತಡಕುವವರನ್ನು ಕಂಡರೆ ನನಗೆ ರೇಗುತ್ತದೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಸಿಗರೇಟಿನ ಜೊತೆ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಹಂಚಿತು. ಸಂಗ್ರಾಹಕರು ಇವನ್ನು ಟಿ-206 ಎನ್ನುತ್ತಾರೆ. ಸವೆದ ಸಾಮಾನ್ಯ ಕಾರ್ಡು ಇವತ್ತಿಗೂ ನೂರು ಡಾಲರಿನೊಳಗೆ ಸಿಗುತ್ತದೆ. ಅದೇ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ವಯಸ್ಸು ಅದೇ, ರಟ್ಟು ಅದೇ. ವ್ಯಾಗ್ನರ್ ತನ್ನ ಚಿತ್ರ ಬೇಡವೆಂದದ್ದರಿಂದ ಮುದ್ರಣ ಬೇಗ ನಿಂತಿತು. ಉಳಿದಿರುವುದು ಅರವತ್ತರ ಆಸುಪಾಸು. ಬೇಡವೆಂದದ್ದಕ್ಕೆ ಕಾರಣ ಮಕ್ಕಳು ಸಿಗರೇಟು ಕೊಳ್ಳಬಾರದೆಂಬ ಕಾಳಜಿ ಅಂತ ಕೆಲವರು, ದುಡ್ಡಿನ ತಕರಾರು ಅಂತ ಇನ್ನು ಕೆಲವರು. ಆಸಾಮಿ ತಾನೇ ತಂಬಾಕು ಜಗಿಯುತ್ತಿದ್ದನೆನ್ನಿ.

ಕಾರ್ಡು ಹುಟ್ಟಿದ್ದು ಆಟದ ಮೇಲಿನ ಪ್ರೀತಿಯಿಂದಲ್ಲ. 1880ರ ದಶಕದ ಬೊನ್ಸಾಕ್ ಯಂತ್ರ ದಿನಕ್ಕೆ 1,20,000 ಸಿಗರೇಟು ಸುತ್ತತೊಡಗಿದಾಗ ಮಾರುವುದೇ ತಲೆನೋವಾಯಿತು. ತೆಳು ಕಾಗದದ ಪ್ಯಾಕು ನುಗ್ಗಾಗದಂತೆ ಒಳಗೊಂದು ರಟ್ಟು ಹೇಗೂ ಇಡುತ್ತಿದ್ದರು. ಅದರ ಮೇಲೇ ಚಿತ್ರ ಅಚ್ಚು ಹಾಕಿದರು, ಅಷ್ಟೇ.

ನನ್ನ ಕಣ್ಣು ನಿಲ್ಲುವುದು ಆ ಅಚ್ಚಿನ ಮೇಲೆ. ಅದು ಕಲ್ಲಚ್ಚು, ಅಂದರೆ ಲಿಥೋಗ್ರಫಿ. ಕಲ್ಲಚ್ಚನ್ನು 1796ರ ಹೊತ್ತಿಗೆ ಕಂಡುಹಿಡಿದ ಸೆನೆಫೆಲ್ಡರ್ ಒಬ್ಬ ಬಡ ನಾಟಕಕಾರ. ಅಗಸಗಿತ್ತಿಗೆ ಕೊಡುವ ಬಟ್ಟೆಯ ಲೆಕ್ಕ ಬರೆಯಲು ಕಾಗದ ಸಿಗದೆ ಜಿಡ್ಡಿನ ಮಸಿಯಲ್ಲಿ ಕಲ್ಲಿನ ಮೇಲೆ ಗೀಚಿದ್ದಾಗಿ ಅವನೇ ಹೇಳಿಕೊಂಡಿದ್ದಾನೆ. ಜಿಡ್ಡಿನಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿ ಉರುಳಿಸಿದರೆ ಬರೆದಲ್ಲಿ ಮಾತ್ರ ಅಂಟುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಎಣ್ಣೆ ಸವರಿದ ಕೈಗೆ ಮೇಣ ಹತ್ತುವುದಿಲ್ಲವಲ್ಲ, ಹಾಗೆ: ಕೈಯ ಜಾಗದಲ್ಲಿ ಒದ್ದೆ ಕಲ್ಲು, ಮೇಣದ ಜಾಗದಲ್ಲಿ ಮಸಿ. ಕೆಸುವಿನೆಲೆಯ ಮೇಲೆ ನೀರು ನಿಲ್ಲದ್ದೂ ಇದರ ದಾಯಾದಿಯೇ.

ಬಣ್ಣಕ್ಕೊಂದು ಅಚ್ಚು. ಕೆನ್ನೆಯ ಗುಲಾಬಿ ಎಂದರೆ ಚೆದುರಿದ ಕೆಂಪು ಚುಕ್ಕಿಗಳು. ಬೆರೆಸುವ ಕೆಲಸ ನಮ್ಮ ಕಣ್ಣಿನದು. ಮಸೂರ ಹಿಡಿದರೆ ಚುಕ್ಕಿಗಳು ರಾಗಿ ಚೆಲ್ಲಿದಂತೆ ಅಡ್ಡಾದಿಡ್ಡಿ. ಈಗಿನ ನಕಲಿನಲ್ಲಾದರೆ ರಂಗೋಲಿ ಚುಕ್ಕಿಯಂತೆ ಸಾಲು ಹಿಡಿದಿರುತ್ತವೆ. ಚಿತ್ರದ ಕೆಳಗಿನ ಹೆಸರನ್ನೂ ನೋಡಬೇಕು. ಅಸಲಿನಲ್ಲಿ ಅಕ್ಷರ ಅಖಂಡ ಕಂದು, ನಕಲಿನಲ್ಲಿ ಅದೂ ಚುಕ್ಕಿಯಾಗಿ ಒಡೆದಿರುತ್ತದೆ.

ಆದರೂ ಅತಿ ಪ್ರಸಿದ್ಧ ವ್ಯಾಗ್ನರ್ ಕಾರ್ಡಿನಲ್ಲಿ (72.5 ಲಕ್ಷದ್ದಲ್ಲ, ಇನ್ನೊಂದು) ಮಸೂರಕ್ಕೆ ಸಿಕ್ಕ ಚುಕ್ಕಿಗಳೆಲ್ಲ ಅಪ್ಪಟ. ಕತ್ತರಿ ಆಡಿದ್ದು ಅಂಚಿನಲ್ಲಿ. ಬೆಲೆ ಏರಲೆಂದು ತಾನೇ ಅಂಚು ಕತ್ತರಿಸಿದ್ದಾಗಿ ಆ ಕಾರ್ಡನ್ನು ಮಾರಿದ್ದ ಹರಾಜುದಾರ 2013ರಲ್ಲಿ ಕೋರ್ಟಿನೆದುರು ಒಪ್ಪಿಕೊಂಡ.